ಅತ್ತೆಯ ಕಾರು ತಿರುಗದೆ ಹೋದ ಬೆಳಿಗ್ಗೆ

ಆ ತಿರುವು ನನಗೆ ಈಗಲೂ ದಿನಕ್ಕೊಮ್ಮೆಯಾದರೂ ಕಣ್ಣಮುಂದೆ ಬರುತ್ತದೆ. ಒಲೆಯ ಮುಂದೆ ಹಾಲು ಕಾಯುವುದನ್ನು ನೋಡುತ್ತ ನಿಂತಾಗ ಬರುತ್ತದೆ, ಆಫೀಸಿನ ಮೀಟಿಂಗಿನ ಮಧ್ಯೆ ಬರುತ್ತದೆ. ಬಸ್ಸಿನಲ್ಲಿ ಕೂತಿದ್ದಾಗ ಡ್ರೈವರ್ ಸ್ವಲ್ಪ ಜೋರಾಗಿ ತಿರುಗಿಸಿದರೆ ನನ್ನ ಬಲಗಾಲು ತಾನಾಗಿಯೇ ನೆಲವನ್ನು ಒತ್ತುತ್ತದೆ. ಅಲ್ಲಿ ಬ್ರೇಕ್ ಇಲ್ಲ. ಅವತ್ತೂ ನನ್ನ ಕಾಲಡಿ ಬ್ರೇಕ್ ಇರಲಿಲ್ಲ. ನಾನು ಕೂತಿದ್ದದ್ದು ಎಡಗಡೆಯ ಸೀಟಿನಲ್ಲಿ. ಕಾರು ಓಡಿಸುತ್ತಿದ್ದದ್ದು ನನ್ನ ಸೋದರತ್ತೆ, ಅಪ್ಪನ ಅಕ್ಕ.

ದಸರಾ ಕಳೆದು ಕೆಲವು ವಾರಗಳಾಗಿದ್ದವು. ಕುಮಾರಸ್ವಾಮಿ ಲೇಔಟಿನಲ್ಲಿ ಅತ್ತೆಯ ಗೆಳತಿಯೊಬ್ಬರ ಮೊಮ್ಮಗಳ ನಾಮಕರಣ ಮುಗಿಸಿ, ಊಟಕ್ಕೆ ನಿಲ್ಲದೆ ಹೊರಟಿದ್ದೆವು. ಸಣ್ಣಗೆ ಸೋನೆ. ಗಾಜಿಗೆ ಮಂಜು ಕಟ್ಟುತ್ತದೆಂದು ಅತ್ತೆ ಎಸಿ ಹಾಕಿದ್ದರು, ವೈಪರ್ ಹಾಕಿದ್ದರು, ಹೆಡ್‌ಲೈಟೂ ಹಾಕಿದ್ದರು. ಅವರು ಎಲ್ಲವನ್ನೂ ಪುಸ್ತಕದಲ್ಲಿ ಬರೆದ ಹಾಗೇ ಮಾಡುವವರು. ಕನಕಪುರ ರಸ್ತೆಯ ಕಡೆಗೆ ಇಳಿಯುವ ಆ ಅಡ್ಡರಸ್ತೆಯ ಕೊನೆಯಲ್ಲಿ ಒಂದು ಹಂಪ್ ಇದೆ, ಹಂಪ್ ದಾಟಿದ ಕೂಡಲೇ ಎಡಕ್ಕೆ ತಿರುಗಬೇಕು. ತಿರುಗದಿದ್ದರೆ ಎದುರಿಗೆ ಒಂದು ಕಾಂಪೌಂಡ್ ಗೋಡೆ. ಆ ಗೋಡೆಗೆ ಬೆನ್ನು ಕೊಟ್ಟು, ತಲೆಯ ಮೇಲೊಂದು ಪ್ಲಾಸ್ಟಿಕ್ ಹಾಳೆ ಕಟ್ಟಿಕೊಂಡು, ಹೂವಿನವಳೊಬ್ಬಳು ಕೂತಿದ್ದಳು.

ಕಾರು ಹಂಪ್ ಹತ್ತಿ ಇಳಿಯಿತು. ಅತ್ತೆ ಎಡಕ್ಕೆ ತಿರುಗಿಸಿದರು. ಸ್ವಲ್ಪ ತಿರುಗಿದ ಸ್ಟೀರಿಂಗು ಅಲ್ಲೇ ಗಟ್ಟಿಯಾಗಿ ನಿಂತಿತು. ಅತ್ತೆಯ ಬಾಯಿಂದ "ಅಯ್ಯೋ" ಅನ್ನುವುದೂ ಬರಲಿಲ್ಲ, ಮೂಗಿನಿಂದ ಉಸಿರು ಎಳೆದ ಸದ್ದು ಮಾತ್ರ ಕೇಳಿಸಿತು. ಕಾರು ಗೋಡೆಯ ಕಡೆಗೆ, ಅಂದರೆ ಆ ಹೆಂಗಸಿನ ಕಡೆಗೆ, ಇಳಿಜಾರಿನಲ್ಲಿ ಜಾರುತ್ತ ಹೋಯಿತು. ಅವಳು ತಲೆ ಎತ್ತಿ ನಮ್ಮನ್ನು ನೋಡಿದಳು. ನನಗೆ ಮರೆಯಲು ಆಗದಿರುವುದು ಇದು: ಅವಳ ಕಣ್ಣು ನಮ್ಮ ಮೇಲಿತ್ತು, ಅವಳ ಬೆರಳುಗಳು ಇನ್ನೂ ಹೂವು ಕಟ್ಟುತ್ತಲೇ ಇದ್ದವು. ಕೈಗೆ ಇನ್ನೂ ಸುದ್ದಿ ತಲುಪಿರಲಿಲ್ಲ.

ಅತ್ತೆ ಬ್ರೇಕ್ ಒತ್ತಿದರು. ಹೂವಿನ ಬುಟ್ಟಿಗೆ ಬಂಪರ್ ತಾಗಿ ಕಾರು ನಿಂತಿತು. ಬುಟ್ಟಿ ವಾಲಿತು, ಬೀಳಲಿಲ್ಲ.

ಮೊದಲು ಮಾತಾಡಿದವಳು ಅವಳೇ. "ಏನಮ್ಮಾ, ಹೂವ ಬೇಕಿದ್ರೆ ಇಳ್ದು ಕೇಳ್ಬಾರ್ದಾ? ಕಾರೇ ತಂದು ಬುಟ್ಟೀಗಿಕ್ತೀಯಲ್ಲ!" ಅಂದಳು. ಆಮೇಲೆ ಅವಳ ಕೈಯಿಂದ ಹೂವಿನ ದಾರ ಜಾರಿಬಿತ್ತು. ಅತ್ತೆ ಕೆಳಗಿಳಿದು ಅವಳ ಎದುರು ಒದ್ದೆ ನೆಲದ ಮೇಲೇ ಕುಕ್ಕರಗಾಲಲ್ಲಿ ಕೂತು ಅವಳ ಎರಡೂ ಕೈ ಹಿಡಿದುಕೊಂಡರು. ಇಬ್ಬರೂ ಏನು ಮಾತಾಡಿಕೊಂಡರೋ ನನಗೆ ಕೇಳಿಸಲಿಲ್ಲ. ನಾನಿನ್ನೂ ಕಾರಿನಲ್ಲೇ ಇದ್ದೆ. ಸೀಟ್‌ಬೆಲ್ಟ್ ಬಿಚ್ಚುವುದು ಹೇಗೆಂದು ಮರೆತುಹೋಗಿತ್ತು.

ಜನ ಸೇರಿದರು. ಪಕ್ಕದಲ್ಲಿ ನಿಂತ ಆಟೋದವನು ಒಳಗೆ ಬಗ್ಗಿ ನೋಡಿ ಎಲ್ಲರಿಗೂ ಕೇಳುವ ಹಾಗೆ ತೀರ್ಪು ಕೊಟ್ಟ: "ಬ್ರೇಕ್ ಬದ್ಲು ಎಕ್ಸಲೇಟರ್ ಒತ್ತವ್ರೆ ಗುರು. ಆಂಟಿ, ಈ ವಯಸ್ಸಲ್ಲಿ ನಿಮಗ್ಯಾಕೆ ಬೇಕಿತ್ತು ಇದೆಲ್ಲ?"

"ಸ್ಟೀರಿಂಗ್ ತಿರುಗ್ಲಿಲ್ಲಪ್ಪ," ಅಂದರು ಅತ್ತೆ.

"ಎಲ್ರೂ ಅಂಗೇ ಅನ್ನೋದು."

ಫೋನ್ ಮಾಡಿದ ಮೇಲೆ ಅಪ್ಪ ಆಟೋದಲ್ಲಿ ಬಂದರು. ಕಾರು ಸ್ಟಾರ್ಟ್ ಮಾಡಿ, ಅಲ್ಲೇ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿ ನೋಡಿ, "ಬೆಣ್ಣೆ ಥರ ತಿರುಗ್ತಿದೆಯಲ್ಲ ಅಕ್ಕ" ಅಂದರು. ನಿಜಕ್ಕೂ ಒಂದೇ ಬೆರಳಲ್ಲಿ ತಿರುಗುತ್ತಿತ್ತು. ಅತ್ತೆ ಹಿಂದಿನ ಸೀಟಿನಲ್ಲಿ, ಹೂವಿನವಳಿಂದ ಕೊಂಡ ಸೇವಂತಿಗೆಯನ್ನೆಲ್ಲ ಮಡಿಲಲ್ಲಿಟ್ಟುಕೊಂಡು, ಜೆ.ಪಿ. ನಗರದ ನಮ್ಮ ಮನೆ ಬರುವವರೆಗೂ ಕಿಟಕಿಯ ಆಚೆ ನೋಡುತ್ತ ಕೂತಿದ್ದರು.

ಅವರು ಆ ಕಾರಿಗೆ ಬಂದ ದಾರಿ ಉದ್ದದ್ದು. ಮಾವ ಬೇಗ ತೀರಿಕೊಂಡರು; ಅವತ್ತಿನಿಂದ ಅತ್ತೆ ನಮ್ಮ ಮನೆಯ ಕೆಳಗಿನ ಭಾಗದಲ್ಲಿದ್ದಾರೆ. ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡಿ, ಇಷ್ಟೂ ವರ್ಷ ಬಸ್ಸಿನಲ್ಲಿ ನಿಂತೇ ಓಡಾಡಿದರು. ಮದುವೆಗೆ, ಮುಂಜಿಗೆ, ಡಾಕ್ಟರ ಹತ್ತಿರಕ್ಕೆ ಅಪ್ಪನ ಸ್ಕೂಟರಿನ ಹಿಂದೆ ಒಂದೇ ಕಡೆಗೆ ಕಾಲಿಟ್ಟು ಕೂತು ಹೋದರು. ಅಪ್ಪ ಏಳೋಣವೆಂದಾಗ ಎದ್ದರು, ಹೊರಡೋಣವೆಂದಾಗ ಹೊರಟರು. ನಿವೃತ್ತಿಯಾದ ಮೇಲೆ ಒಂದು ದಿನ ಯಾರಿಗೂ ಹೇಳದೆ ಡ್ರೈವಿಂಗ್ ಸ್ಕೂಲಿಗೆ ಸೇರಿದರು. ಲೈಸೆನ್ಸ್ ಬಂದ ಮೇಲೆಯೇ ನಮಗೆಲ್ಲ ತಿಳಿದದ್ದು. ಆ ಪುಟ್ಟ ಕಾರು ಬಂದಮೇಲೆ ಅವರ ಗೆಳತಿಯರ ಮಂಡಿನೋವಿಗೂ ಒಂದು ದಾರಿಯಾಯಿತು: ಬನಶಂಕರಿ ದೇವಸ್ಥಾನ, ಜಯನಗರದ ಕಾಂಪ್ಲೆಕ್ಸ್, ಯಾರದೋ ಸೊಸೆಯ ಸೀಮಂತ. ಅವರು ಓಡಿಸುವುದು ತುಂಬಾ ನಿಧಾನ. "ಅಕ್ಕ ಓಡ್ಸಿದ್ರೆ ಹಿಂದೆ ಬರೋ ಸೈಕಲ್ಲೂ ಬೆಲ್ ಹೊಡೆಯತ್ತೆ" ಎಂದು ಅಪ್ಪ ಆಡಿಕೊಳ್ಳುತ್ತಿದ್ದರು. ಅತ್ತೆಗೆ ಅದರ ಚಿಂತೆ ಇರಲಿಲ್ಲ. ನಿಧಾನವಾದರೂ ಹೊರಡುವ ಹೊತ್ತು ಅವರದೇ ಆಗಿತ್ತು.

ಆ ಸಂಜೆ ಅಪ್ಪ ಕಾಫಿ ಕುಡಿಯುತ್ತ, ಅತ್ತೆಯ ಮುಖ ನೋಡದೆ, ತೀರ್ಮಾನ ಹೇಳಿದರು. ಬಿಳೇಕಹಳ್ಳಿಯಲ್ಲಿ ಅವರ ಪರಿಚಯದವರೊಬ್ಬರು ಮಗಳು ಡ್ರೈವಿಂಗ್ ಕಲಿಯಲಿ ಎಂದು ಹಳೇ ಕಾರು ಹುಡುಕುತ್ತಿದ್ದಾರೆ. ಭಾನುವಾರ ನೋಡಲು ಬರಲಿ.

"ದೇವರು ದೊಡ್ಡೋನು, ಈ ಸಲ ಬುಟ್ಟಿಗೆ ತಾಗಿ ನಿಂತಿತು. ಕೈಲಿ ಶಕ್ತಿ ಇಲ್ಲ, ಕಣ್ಣು ಮೊದಲಿನ ಹಾಗಿಲ್ಲ. ಸಾಕು ಬಿಡಕ್ಕ."

"ಕಾರು ಕೆಟ್ಟಿತ್ತು ಕಣೋ."

"ನಾನು ಓಡಿಸ್ಕೊಂಡು ಬಂದೆನಲ್ಲ. ಏನಾಗಿದೆ ಕಾರಿಗೆ?"

ಅತ್ತೆ ನನ್ನ ಕಡೆ ತಿರುಗಿದರು. "ನೀನಿದ್ಯಲ್ಲೇ ಪಕ್ಕದಲ್ಲಿ. ನಾನು ತಿರುಗ್ಸಿದ್ದು ನೋಡಿದೆ ತಾನೆ? ಹೇಳು."

ಆ ಕೆಲವು ಕ್ಷಣಗಳನ್ನು ಆಗಲೇ ಎಷ್ಟು ಸಲ ಮನಸ್ಸಿನಲ್ಲಿ ಓಡಿಸಿ ನೋಡಿದ್ದೆನೆಂದರೆ, ಯಾವುದು ಕಂಡದ್ದು, ಯಾವುದು ಆಮೇಲೆ ಸೇರಿಕೊಂಡದ್ದು ಎಂದು ನನಗೇ ತಿಳಿಯುತ್ತಿರಲಿಲ್ಲ. ಪ್ರತಿ ಸಲವೂ ಹೂವಿನವಳ ಬೆರಳು ಕಾಣುತ್ತಿತ್ತು. ಅತ್ತೆಯ ಕೈ ಕಾಣುತ್ತಿರಲಿಲ್ಲ. "ಜ್ಞಾಪಕ ಇಲ್ಲ ಅತ್ತೆ" ಅಂದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಸರಿ, ಬಿಡು" ಎಂದು ಲೋಟ ತೊಳೆಯಲು ಎದ್ದರು.

ಮರುದಿನ ಬೆಳಿಗ್ಗೆ ಹುರುಳಿಕಾಯಿ ಹೆಚ್ಚುತ್ತ ಕೂತಿದ್ದಾಗ ಅದೇ ತಿರುವು ಮತ್ತೆ ಬಂತು. ಈ ಸಲ ಓಡಿಸಿಕೊಳ್ಳಲಿಲ್ಲ. ಬಂದಷ್ಟನ್ನು ಸುಮ್ಮನೆ ನೋಡಿದೆ. ಆಗ ಅತ್ತೆಯ ಬಳೆ ಕಾಣಿಸಿತು. ಮಣಿಕಟ್ಟಿನಲ್ಲಿ ಇರಬೇಕಾದ ಎರಡು ಚಿನ್ನದ ಬಳೆಗಳು ಮೊಣಕೈಯವರೆಗೆ ಜಾರಿದ್ದವು. ಸ್ಟೀರಿಂಗು ಎಳೆದು ಹಿಡಿದ ತೋಳು ಅಷ್ಟು ಮೇಲೆ ಹೋಗಿತ್ತು. ಅದರ ಹಿಂದೆ, ಮೀಟರಿನ ಹತ್ತಿರ, ಸ್ಟೀರಿಂಗ್ ಚಿತ್ರದ ಒಂದು ಹಳದಿ ದೀಪ ಉರಿಯುತ್ತಿತ್ತು. ಹೆದರಿ ಕೈಬಿಟ್ಟವರ ಬಳೆ ಮೇಲೆ ಹೋಗುವುದಿಲ್ಲ. ಚಾಕು ಕೆಳಗಿಟ್ಟು ಎದ್ದು ಹೋಗಿ ಇಬ್ಬರಿಗೂ ಹೇಳಿದೆ.

ಅಪ್ಪ ಪೇಪರ್ ಮಡಿಸಿದರು. "ಗಾಬರೀಲಿ ಏನೇನೋ ಕಾಣ್ಸತ್ತೆ ಪುಟ್ಟಿ."

ಅತ್ತೆ ಮಾತ್ರ ನೇರ ಅಪ್ಪನ ಎದುರು ಬಂದು ನಿಂತರು. ಅವರು ಅಪ್ಪನಿಗೆ ಹಾಗೆ ಎದುರು ನಿಂತದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. "ನೋಡು, ನಂಗೆ ಒಂದು ಅರ್ಥ ಆಗ್ಲಿಲ್ಲ. ಕಾರು ಕೆಟ್ಟಿದ್ರೆ, ಆ ಹುಡುಗಿ ಕಲಿಯೋಕೆ ಅಂತ ಅದನ್ನ ಹೇಗೆ ಕೊಡ್ತೀಯ? ಕೆಟ್ಟಿಲ್ಲ ಅಂದ್ರೆ ನನ್ನ ಕೈಯಿಂದ ಯಾಕೆ ಕಿತ್ಕೋತೀಯ?"

ಭಾನುವಾರಕ್ಕೆ ಮೊದಲು ಗ್ಯಾರೇಜಿಗೆ ತೋರಿಸುವುದೆಂದು ಆಯಿತು. ಏನೂ ಕೆಟ್ಟಿಲ್ಲವೆಂದು ಗ್ಯಾರೇಜಿನವರು ಹೇಳಿಬಿಟ್ಟರೆ ಅತ್ತೆ ಬೀಗದ ಕೈ ಕೊಟ್ಟುಬಿಡಬೇಕು. ಅದಕ್ಕೆ ಅತ್ತೆಯೇ ಒಪ್ಪಿದರು.

ಶನಿವಾರ ಮಧ್ಯಾಹ್ನ ಅಪ್ಪ ಓಡಿಸಿಕೊಂಡು ಹೋದರು, ನಾವಿಬ್ಬರೂ ಜೊತೆಗೆ. ಜರಗನಹಳ್ಳಿಯ ಆ ಗ್ಯಾರೇಜು ಅದರ ಯಜಮಾನನ ಸ್ವಂತ ಕಟ್ಟಡದ ಕೆಳಗಿದೆ. ಮೇಲೆ ಮೂರು ಅಂತಸ್ತು ಬಾಡಿಗೆಗೆ. ತನ್ನ ತಾತನ ರಾಗಿ ಹೊಲ ಇದ್ದ ಜಾಗದಲ್ಲೇ ಈಗ ಕಾರು ನಿಲ್ಲಿಸಿಕೊಳ್ಳುತ್ತಾನೆ. ಐವತ್ತರ ಮೇಲಿನ ಆಳು, ಕತ್ತಿನಲ್ಲಿ ಚೈನು, ಮಾತು ಜಾಸ್ತಿ. ಬಾನೆಟ್ ಎತ್ತುವ ಮೊದಲೇ ಅವನಿಗೆ ಕಾಯಿಲೆ ಗೊತ್ತಾಗಿತ್ತು.

"ಸಾರ್, ಇದ್ರಲ್ಲಿ ಹಳೇ ಗಾಡಿ ಥರ ಸ್ಟೀರಿಂಗ್ ಎಣ್ಣೆ ಪಂಪು ಏನೂ ಇಲ್ಲ. ಪೂರ್ತಿ ಕರೆಂಟು. ಒಳಗೊಂದು ಮೋಟರ್ ಐತೆ, ತಿರುಗ್ಸೋದು ಅದು, ನಾವು ಸುಮ್ನೆ ಕೈ ಇಕ್ಕಿರೋದು. ಆ ಮೋಟರ್ ಹೋಗೈತೆ. ಪೂರ್ತಿ ಸೆಟ್ ಚೇಂಜ್ ಮಾಡ್ಬೇಕು."

"ಹೋಗಿದ್ರೆ ಈಗ ಹೇಗೆ ಕೆಲಸ ಮಾಡ್ತಿದೆ?" ಅತ್ತೆ ಕೇಳಿದರು.

"ಅದು ಅಂಗೇ ಮೇಡಂ. ಸಾಯೋಕೆ ಮುಂಚೆ ಎದ್ದು ಕೂರ್ತದೆ."

ಒಂದು ಸ್ಕ್ಯಾನರ್ ತಂದು ಸ್ಟೀರಿಂಗಿನ ಕೆಳಗೆ ಸಿಕ್ಕಿಸಿದ. ಸ್ಟೀರಿಂಗಿನಲ್ಲಿ ಏನೋ ತಪ್ಪು ದಾಖಲಾಗಿದೆ, ಏನೆಂದು ಈ ಮೆಷಿನ್ ಹೇಳುವುದಿಲ್ಲ ಅಂದ. ಅತ್ತೆ ನನ್ನ ಕಡೆ ನೋಡಿದರು. ನನ್ನ ಹಳದಿ ದೀಪ ಸುಳ್ಳಾಗಿರಲಿಲ್ಲ. ಆಮೇಲೆ ಅವನೇ ಕಾರು ಹತ್ತಿ ಕನಕಪುರ ರಸ್ತೆಯ ಕಡೆ ಹೋದ. ಹೋದದ್ದು ಸಿನಿಮಾದಲ್ಲಿ ಕಳ್ಳರನ್ನು ಅಟ್ಟಿಸಿಕೊಂಡು ಹೋದ ಹಾಗೆ. ತಿರುಗಿ ಬಂದದ್ದೂ ಹಾಗೇ. ಗ್ಯಾರೇಜಿನ ಮುಂದೆ ಸರ್ರನೆ ತಿರುಗಿಸಿ ನಿಲ್ಲಿಸಿದ.

"ಸಖತ್ತಾಗೈತೆ. ಈಗಂತೂ ಏನೂ ಇಲ್ಲ."

ಅಪ್ಪ ಅತ್ತೆಯನ್ನು ನೋಡಿದರು. ಗೆದ್ದವರ ನೋಟವೇನಲ್ಲ ಅದು. ಮುಗಿಯಿತಲ್ಲ ಅನ್ನುವ ಸಮಾಧಾನ. ಅತ್ತೆ ಕೈಚೀಲದ ಜಿಪ್ ಎಳೆದರು, ಮುಚ್ಚಿದರು. ಅದರಲ್ಲಿದ್ದ ಇನ್ನೊಂದು ಬೀಗದ ಕೈಯನ್ನೂ ಕೊಟ್ಟೇಬಿಡುತ್ತಾರೆಂದು ನನಗೆ ಅನಿಸಿತು.

"ನೀವು ಓಡಿಸಿದ ಹಾಗೆ ನಾನು ಓಡಿಸೋದಿಲ್ಲಪ್ಪ," ಅಂದರು ಅತ್ತೆ. "ನಾನು ಓಡಿಸೋ ಹಾಗೆ ಓಡ್ಸಿ ನೋಡ್ಬೇಕು. ನೀವೂ ಬನ್ನಿ, ಪಕ್ಕದಲ್ಲಿ ಕೂತ್ಕೊಳ್ಳಿ."

ಗ್ಯಾರೇಜಿನವನು ಅಪ್ಪನ ಮುಖ ನೋಡಿದ. ಅಪ್ಪ, "ಬೇಡ ಅಕ್ಕ" ಅಂದರು. ಅತ್ತೆ ಆಗಲೇ ಸೀಟು ಮುಂದಕ್ಕೆ ಎಳೆದುಕೊಳ್ಳುತ್ತಿದ್ದರು.

ಹಿಂದೆ ಹತ್ತಿ ಕೂತ ಅಪ್ಪನ ಪಕ್ಕ ಕೂರಲು ನನ್ನ ಕಾಲು ಒಪ್ಪಲಿಲ್ಲ. ಬಾಗಿಲು ತೆಗೆದು ನಿಂತೇ ಇದ್ದೆ. "ನೀನು ಇಲ್ಲೇ ಇರೇ" ಅಂದರು ಅತ್ತೆ, ಮೆತ್ತಗೆ. ಆ ಮೆತ್ತಗಿನ ಮಾತಿಗೇ ನಾನು ಹತ್ತಿದೆ.

ಗ್ಯಾರೇಜಿನ ಹಿಂದಿನ ರಸ್ತೆ ಖಾಲಿ. ಒಂದು ಕಡೆ ಗೋದಾಮಿನ ಉದ್ದನೆಯ ಗೋಡೆ, ಮಧ್ಯೆ ಎರಡು ಹಂಪ್. ಅತ್ತೆ ಅವತ್ತು ಬೆಳಿಗ್ಗೆ ಮಾಡಿದ್ದನ್ನೆಲ್ಲ ಒಂದೊಂದಾಗಿ ಮಾಡಿದರು. ಎಸಿ ಹಾಕಿದರು. ಹೆಡ್‌ಲೈಟ್. ಬಿಸಿಲಿನಲ್ಲೇ ಒಣ ಗಾಜಿನ ಮೇಲೆ ವೈಪರ್ ಕಿರುಗುಡುತ್ತ ಆಡಿತು. "ಮಳೆ ಎಲ್ಲೈತೆ ಅಕ್ಕ?" ಎಂದು ಗ್ಯಾರೇಜಿನವನು ನಕ್ಕ. ಅತ್ತೆ ನಗಲಿಲ್ಲ. ನಡೆದುಕೊಂಡು ಹೋಗುವವರ ವೇಗದಲ್ಲಿ ಹಂಪ್ ಹತ್ತಿ ಇಳಿದು ಪೂರ್ತಿ ಎಡಕ್ಕೆ ತಿರುಗಿಸಿದರು. ತಿರುಗಿತು. ಹಿಂದೆ ಬಂದು ಮತ್ತೆ ಹಂಪ್, ಮತ್ತೆ ಎಡಕ್ಕೆ. ತಿರುಗಿತು. ಅಪ್ಪ ಗಡಿಯಾರ ನೋಡಿಕೊಂಡರು.

ಎರಡನೇ ಹಂಪಿನ ಮೇಲೆ ಅತ್ತೆ ಹೋದಾಗ ಎಸಿಯ ಗಾಳಿ ಒಂದು ಸಲ ತಗ್ಗಿತು. ಅತ್ತೆ ತಿರುಗಿಸಿದ ಸ್ಟೀರಿಂಗು ಅರ್ಧದಲ್ಲಿ ನಿಂತಿತು. ನಾನು ಕಣ್ಣು ಮುಚ್ಚಿಕೊಂಡೆ. ಕಾರು ಆಗಲೇ ನಿಂತಿದೆ ಎಂದು ತಿಳಿದದ್ದು ಗ್ಯಾರೇಜಿನವನ ಕೂಗಿನಿಂದ.

"ಬಂತು! ಲೈಟ್ ಬಂತು ನೋಡಿ ಸಾರ್! ಬಿಡ್ಬೇಡಿ ಅಕ್ಕ, ಇಂಜಿನ್ ಆಫ್ ಮಾಡ್ಬೇಡಿ." ಅವನು ಪಕ್ಕದ ಸೀಟಿನಿಂದ ಕೈ ಚಾಚಿ ಸ್ಟೀರಿಂಗು ಎಳೆದು ನೋಡಿದ. "ಅಬ್ಬಾ, ಕಲ್ಲು! ಇದ್ನ ಹಿಡ್ಕೊಂಡು ಇಳಿಜಾರಲ್ಲಿ ನಿಲ್ಸಿದ್ರಾ ನೀವು?" ಆಮೇಲೆ ಅವನ ಕಣ್ಣು ಇನ್ನೊಂದು ಕಡೆ ಹೋಯಿತು. "ತಡೀರಿ, ಈ ಗಡಿಯಾರ ಯಾಕೆ ಹನ್ನೆರಡು ಅಂತೈತೆ?"

ಡ್ಯಾಶ್‌ಬೋರ್ಡಿನ ಗಡಿಯಾರ ಹನ್ನೆರಡಕ್ಕೆ ಬಂದು ಮಿಣುಕುತ್ತಿತ್ತು.

"ಅದು ದಸರಾ ಆದಾಗಿನಿಂದ ಹಾಗೇ," ಅಂದರು ಅತ್ತೆ. "ನಾನು ಸರಿಮಾಡ್ತೀನಿ, ಅದು ಮತ್ತೆ ಹನ್ನೆರಡಕ್ಕೆ ಹೋಗತ್ತೆ. ಕೈಲಿ ವಾಚಿದೆಯಲ್ಲ ಅಂತ ಸುಮ್ನಾದೆ."

"ಅಕ್ಕ, ಅದ್ನ ಮೊದ್ಲು ಹೇಳ್ಬಾರ್ದಾ?"

"ನೀವು ಗಡಿಯಾರ ಕೇಳ್ಲೇ ಇಲ್ವಲ್ಲ. ಮೋಟರ್ ಸತ್ತೋಗಿದೆ ಅಂದ್ರಿ."

ಅವನು ಕೆಳಗಿಳಿದು ಬಾನೆಟ್ ಎತ್ತಿದ. ನಾವೂ ಇಳಿದು ಸುತ್ತ ನಿಂತೆವು. ಬ್ಯಾಟರಿಯ ನೆತ್ತಿಯ ಮೇಲೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ, ಪಕ್ಕದಲ್ಲಿ ಒಣಗಿ ಕಪ್ಪಾದ ಒಂದು ಚೆಂಡುಹೂವು. ಆಯುಧಪೂಜೆಯ ಅಲಂಕಾರ ಇನ್ನೂ ಹಾಗೇ ಇತ್ತು. ಅವನು ಬ್ಯಾಟರಿಯ ಒಂದು ತುದಿಗೆ ಕಚ್ಚಿಕೊಂಡಿದ್ದ ದಪ್ಪ ವೈರಿನ ಹಿಡಿಯನ್ನು ಎರಡು ಬೆರಳಲ್ಲಿ ಮುಟ್ಟಿದ. ಅದು ಬಾಟಲಿಯ ಮುಚ್ಚಳದ ಹಾಗೆ ಸಲೀಸಾಗಿ ತಿರುಗಿತು.

"ಇದ್ನ ಯಾರು ಬಿಚ್ಚಿದ್ದು?"

ಅಪ್ಪ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸತೊಡಗಿದರು.

ನಮ್ಮ ಮನೆಯ ನಲ್ಲಿ, ಫ್ಯಾನು, ಮಿಕ್ಸಿ, ಗೇಟಿನ ಬೀಗ ಎಲ್ಲದಕ್ಕೂ ಅಪ್ಪನೇ ಡಾಕ್ಟರು. ಆಯುಧಪೂಜೆಯ ದಿನ ಅತ್ತೆಯ ಕಾರು ತೊಳೆಯುವುದೂ ಅವರ ಪಾಲಿನ ಕೆಲಸ. ಈ ಸಲ ಬ್ಯಾಟರಿಯ ತುದಿಗೆ ಬೂಷ್ಟಿನ ಹಾಗೆ ಬಿಳಿಪುಡಿ ಕಟ್ಟಿದ್ದನ್ನು ನೋಡಿ, ವೈರು ಬಿಚ್ಚಿ, ಒದ್ದೆ ಬಟ್ಟೆಯಲ್ಲಿ ಒರೆಸಿದ್ದರು. ಅಷ್ಟರಲ್ಲಿ ಒಳಗಿನಿಂದ ಅಮ್ಮ, ರಾಹುಕಾಲ ಬರುತ್ತಿದೆ, ಪೂಜೆಗೆ ಇಡುವುದನ್ನೆಲ್ಲ ಬೇಗ ತನ್ನಿ ಎಂದು ಕೂಗಿದ್ದರು. ಅಪ್ಪ ಸ್ಪ್ಯಾನರು, ಸ್ಕ್ರೂಡ್ರೈವರು, ಸುತ್ತಿಗೆ ಎಲ್ಲವನ್ನೂ ಒರೆಸಿ ದೇವರ ಮುಂದೆ ಮಣೆಯ ಮೇಲೆ ಜೋಡಿಸಿದರು. ಮಂಗಳಾರತಿ ಆಯಿತು. ಹೊರಗೆ ಬಂದು ನೋಡಿದರೆ ಬ್ಯಾಟರಿಯ ವೈರು ಇನ್ನೂ ಬಿಚ್ಚಿಯೇ ಇದೆ. ಕಾರನ್ನು ನಿಂಬೆಹಣ್ಣಿನ ಮೇಲೆ ಹತ್ತಿಸಬೇಕು, ಸ್ಟಾರ್ಟ್ ಆಗಲೇಬೇಕು. ಆದರೆ ಪೂಜೆಗೆ ಕೂತ ಸ್ಪ್ಯಾನರನ್ನು ಅವತ್ತು ಎತ್ತುವಂತಿಲ್ಲ. ಆಯುಧಕ್ಕೆ ಅವತ್ತು ವಿಶ್ರಾಂತಿ.

"ಕೈಯಲ್ಲೇ ಬಿಗಿಯಾಗಿ ತಿರುಗಿಸ್ದೆ," ಅಂದರು ಅಪ್ಪ, ಬ್ಯಾಟರಿಯ ಕಡೆ ನೋಡುತ್ತ. "ವಿಜಯದಶಮಿ ದಿನ ಸ್ಪ್ಯಾನರ್ ಹಾಕೋಣ ಅಂತ."

"ಹಾಕಿದ್ರಾ?"

"ಮಾರನೇ ದಿನ ನೆಂಟರು ಬಂದ್ರು."

ಗ್ಯಾರೇಜಿನವನು ನಗಲಿಲ್ಲ. "ಅದು ಸರಿ ಸಾರ್. ಪೂಜೆಗಿಕ್ಕಿದ್ದು ಮುಟ್ಟಂಗಿಲ್ಲ. ನಾನೂ ಅವತ್ತು ಒಂದು ಗಾಡಿ ಅರ್ಧ ಬಿಚ್ಚಿಕೊಂಡು ಹಂಗೇ ಬಿಟ್ಟಿದ್ದೆ, ಓನರ್ ಬಂದು ಬಾಯಿಗ್ ಬಂದಂಗೆ ಬೈದ. ಆದ್ರೆ ಬ್ಯಾಟರಿ ವೈರು ಒಂದನ್ನ ಪೂಜೆಗೆ ಮುಂಚೆ ಬಿಗೀರಿ ಸಾರ್, ಕೈ ಮುಗೀತೀನಿ." ಆಮೇಲೆ ಅತ್ತೆಯ ಕಡೆ ತಿರುಗಿ ವಿವರಿಸಿದ. ಕಾರು ಜೋರಾಗಿ ಓಡುತ್ತಿದ್ದರೆ ಸ್ಟೀರಿಂಗಿಗೆ ಅಷ್ಟು ಕರೆಂಟು ಬೇಡ. ನಿಧಾನವಾಗಿ ಹೋಗುತ್ತ ಪೂರ್ತಿ ತಿರುಗಿಸಿದರೇ ಜಾಸ್ತಿ ಬೇಕು. ಎಸಿ, ಲೈಟು, ವೈಪರ್ ಎಲ್ಲ ಹಾಕಿದ್ದಾಗ, ಹಂಪಿನ ಮೇಲೆ ಸಡಿಲ ವೈರು ಅಲ್ಲಾಡಿದರೆ, ಮೊದಲು ಕೈಬಿಡುವುದು ಸ್ಟೀರಿಂಗ್ ಮೋಟರೇ. ತಾನೂ ಅಪ್ಪನೂ ಓಡಿಸಿದಾಗ ಅದು ಕಾಣಿಸಿಕೊಳ್ಳುವ ಸಂಭವವೇ ಕಡಿಮೆ. "ನಿಮ್ಮ ಥರ ಓಡ್ಸಿದ್ರೇನೇ ಇದು ಸಿಗೋದು ಅಕ್ಕ. ನಾನು ಮೋಟರ್ ಮೋಟರ್ ಅಂತ ಕೂತಿರ್ತಿದ್ದೆ."

ಪುಡಿಗಟ್ಟಿದ್ದ ಜಾಗಕ್ಕೆ ಬಿಸಿನೀರು ಹಾಕಿ, ಉಪ್ಪುಕಾಗದದಲ್ಲಿ ತಿಕ್ಕಿ, ಒಣಗಿಸಿ, ವೈರನ್ನು ಸ್ಪ್ಯಾನರಿನಲ್ಲಿ ಬಿಗಿದ. ಮೇಲೆ ಗ್ರೀಸ್ ಸವರಿದ. ಅತ್ತೆ ಮತ್ತೆ ಆ ಎರಡು ಹಂಪುಗಳ ಮೇಲೆ ಓಡಿಸಿದರು, ಅವನು ಸಾಕು ಎನ್ನುವವರೆಗೂ. ದೀಪ ಬರಲಿಲ್ಲ. ಗಡಿಯಾರ ಹಿಂದೆ ಹೋಗಲಿಲ್ಲ. ಅಪ್ಪ ಗ್ಯಾರೇಜಿನ ಮೂಲೆಗೆ ಹೋಗಿ ಬಿಳೇಕಹಳ್ಳಿಯವರಿಗೆ ಫೋನ್ ಮಾಡಿದರು. "ಇಲ್ಲ, ಇಲ್ಲ, ಕೊಡೋ ಯೋಚ್ನೆ ಬಿಟ್ವಿ... ಗಾಡಿಗೇನಿಲ್ಲ... ನಮ್ಮಕ್ಕ ಓಡಿಸ್ತಾರೆ."

ಇಲ್ಲಿಗೆ ಕತೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಮನೆಗೆ ಬಂದ ಅತ್ತೆ ಬೀಗದ ಕೈಯನ್ನು ಮೊಳೆಗೆ ನೇತುಹಾಕಿದವರು ಆಮೇಲೆ ಅದನ್ನು ಮುಟ್ಟಲೇ ಇಲ್ಲ. ಗೆಳತಿಯರು ಫೋನ್ ಮಾಡಿದರೆ ಬಿಸಿಲು ಜಾಸ್ತಿ ಅಂದರು, ಇನ್ನೊಮ್ಮೆ ಕಾಲುನೋವು ಅಂದರು. ಅಪ್ಪ ತಪ್ಪಾಯಿತೆಂದು ಬಾಯಿಬಿಟ್ಟು ಹೇಳುವವರಲ್ಲ. ದಿನಾ ಬೆಳಿಗ್ಗೆ ಕಾರು ಒರೆಸಿ, ಬ್ಯಾಟರಿಯ ವೈರು ಅಲ್ಲಾಡಿಸಿ ನೋಡಿ, "ಅಕ್ಕ, ಬಾರೆ, ಒಂದು ರೌಂಡ್ ಹೋಗಿಬರೋಣ" ಎಂದು ಕೂಗುತ್ತಿದ್ದರು. "ನೀನು ಹೋಗ್ಬಾ" ಎನ್ನುತ್ತಿದ್ದರು ಅತ್ತೆ.

ಮನೆಯಲ್ಲಿ ಉಳಿದವರಿಗೆ ಇದು ವಿಚಿತ್ರವೆನಿಸಿತು. ನನಗೆ ಎನಿಸಲಿಲ್ಲ. ಕಾರಣ ಗೊತ್ತಾಗಿತ್ತು, ನಟ್ಟು ಬಿಗಿಯಾಗಿತ್ತು, ಆದರೂ ನನಗೆ ಆ ಗೋಡೆ ದಿನವೂ ಹತ್ತಿರ ಬರುತ್ತಿತ್ತು. ಒಂದು ಸಂಜೆ ತುಳಸಿಕಟ್ಟೆಯ ಹತ್ತಿರ ಇಬ್ಬರೇ ಇದ್ದಾಗ ಕೇಳಿದೆ: "ನಿಮಗೂ ಬರತ್ತಾ ಅತ್ತೆ, ಆ ತಿರುವು?"

"ಬರ್ದೆ ಏನು?" ಅಂದರು. ತುಳಸಿಯ ಒಣಗಿದ ಎಲೆಯೊಂದನ್ನು ಕಿತ್ತು ಮುಂದುವರಿಸಿದರು. "ಕಾರು ಮತ್ತೆ ಕೆಡತ್ತೆ ಅಂತ ಅಲ್ಲ ಕಣೇ ನಂಗೆ ಭಯ. ಯಂತ್ರ ಅಂದ್ಮೇಲೆ ಕೆಡತ್ತೆ. ಅವತ್ತು ಅದು ಗಟ್ಟಿಯಾದಾಗ, ಮುಗೀತು, ಇನ್ನು ತಿರುಗಲ್ಲ ಅಂತ ಅನಿಸ್ಬಿಡ್ತು ನೋಡು, ಅದು. ನಿಜವಾಗ್ಲೂ ತಿರುಗಲ್ವಾ? ಇನ್ನೂ ಜೋರಾಗಿ ಎಳೆದಿದ್ರೆ ತಿರುಗ್ತಿತ್ತಾ? ಅದು ಗೊತ್ತಾಗ್ಬೇಕು ನಂಗೆ."

ಮರುದಿನ ಅವರೇ ಗ್ಯಾರೇಜಿನವನಿಗೆ ಫೋನ್ ಮಾಡಿದರು. ಸ್ಪೀಕರ್ ಹಾಕಿದ್ದರಿಂದ ನಮಗೂ ಕೇಳಿಸಿತು.

"ಮೋಟರ್ ಸತ್ರೂ ಸ್ಟೀರಿಂಗ್ ತಿರುಗ್ತದೆ ಅಕ್ಕ. ಚಕ್ರಕ್ಕೂ ಅದಕ್ಕೂ ಕಬ್ಬಿಣದ ಕೊಂಡಿ ಐತೆ. ಭಾರ ಆಗ್ತದೆ ಅಷ್ಟೆ, ಬಾವಿಯಿಂದ ನೀರು ಸೇದಿದಂಗೆ."

"ಹಾಗಾದ್ರೆ ಮೋಟರಿಗೆ ಕರೆಂಟ್ ಹೋಗೋದನ್ನ ನೀವೇ ತೆಗೆದ್ಬಿಡಿ. ನಾನು ಹಾಗೇ ಓಡಿಸಿ ಕಲೀತೀನಿ."

"ಅಕ್ಕ, ಎಲ್ಲಾರೂ ಕೆಟ್ಟಿದ್ದನ್ನ ಸರಿಮಾಡು ಅಂತ ಬರ್ತಾರೆ. ಸರಿ ಇರೋದನ್ನ ಕೆಡಿಸಿಕೊಡು ಅಂತ ಬಂದೋರು ನೀವೇ ಮೊದ್ಲು."

ಮುಂದಿನ ಭಾನುವಾರ ಬೆಳಿಗ್ಗೆ ಕನಕಪುರ ರಸ್ತೆಯಲ್ಲಿ ಮುಂದೆ ಹೋಗಿ, ಇನ್ನೂ ಮನೆಗಳು ಏಳದ ಒಂದು ಹೊಸ ಲೇಔಟಿನೊಳಗೆ ಹೋದೆವು. ಅಗಲವಾದ ಡಾಂಬರು ರಸ್ತೆ, ಎರಡೂ ಕಡೆ ಸೈಟಿನ ಕಲ್ಲು, ಹುಲ್ಲು, ಮೇಯುತ್ತಿದ್ದ ನಾಲ್ಕು ಎಮ್ಮೆ. ಗ್ಯಾರೇಜಿನವನು ಬೈಕಿನಲ್ಲಿ ಬಂದಿದ್ದ. ಬಾನೆಟ್ ಎತ್ತಿ, ಸ್ಟೀರಿಂಗಿನ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡ. ಅಪ್ಪ ಎಮ್ಮೆಗಳನ್ನು ದೂರ ಅಟ್ಟಿ ಬಂದರು.

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಬಳೆ ತೆಗೆದು ನನ್ನ ಕೈಗೆ ಕೊಟ್ಟರು. ನಾನು ಕೇಳದೆಯೇ ಪಕ್ಕದ ಸೀಟಿನಲ್ಲಿ ಕೂತೆ. ಕಾರು ಹೊರಟಿತು, ಹಳದಿ ದೀಪ ಉರಿಯುತ್ತಲೇ ಇತ್ತು. ಮೊದಲ ತಿರುವಿನಲ್ಲಿ ಅತ್ತೆ ಎಳೆದರು, ಸ್ಟೀರಿಂಗು ಒಂದಿಷ್ಟು ಜಗ್ಗಿ ನಿಂತಿತು, ಅವರು ಬ್ರೇಕ್ ಹಾಕಿದರು. ಮುಖ ಬಿಳುಪಾಗಿತ್ತು.

"ನಿಲ್ಲಿಸಿ ತಿರುಗಿಸ್ಬೇಡಿ ಅಕ್ಕ, ಇನ್ನೂ ಭಾರ ಆಗ್ತದೆ," ಎಂದು ಹೊರಗಿನಿಂದ ಅವನು ಕೂಗಿದ. "ಮೆಲ್ಲಗೆ ಚಲಿಸ್ತಾ ಇರ್ಬೇಕು. ಒಂದು ಕೈಲಿ ಎಳೀರಿ, ಇನ್ನೊಂದ್ರಲ್ಲಿ ನೂಕಿ. ಭುಜದಿಂದ!"

"ರುಬ್ಬೋ ಗುಂಡು ತಿರುಗಿಸಿದ ಹಾಗೆ ಅಕ್ಕ!" ಎಂದು ಅಪ್ಪ ಸೇರಿಸಿದರು.

"ಅದು ಅವನಿಗೇನು ಗೊತ್ತು, ಒಂದಿನ ರುಬ್ಬಿದ್ದಾನಾ?" ಎಂದು ಅತ್ತೆ ಗೊಣಗಿದರು. ಆದರೆ ಎರಡನೇ ಸಲ ಅವರು ಹಾಗೇ ಮಾಡಿದರು. ಮೈಯನ್ನೆಲ್ಲ ಮುಂದಕ್ಕೆ ತಂದು, ಬಲಗೈಯಲ್ಲಿ ನೂಕಿ, ಎಡಗೈಯಲ್ಲಿ ಎಳೆದರು. ಕತ್ತಿನ ನರ ಎದ್ದು ಕಂಡಿತು. ಸ್ಟೀರಿಂಗು ಮನಸ್ಸಿಲ್ಲದೆ ತಿರುಗಿತು, ಅದರ ಹಿಂದೆ ಕಾರಿನ ಮೂತಿಯೂ ತಿರುಗಿತು. ಎದುರಿಗಿದ್ದ ಸೈಟಿನ ಕಲ್ಲು ನಿಧಾನವಾಗಿ ಪಕ್ಕಕ್ಕೆ ಸರಿಯುತ್ತ ಹೋಯಿತು. ನಾನು ಅದನ್ನು ಕಣ್ಣು ಮುಚ್ಚದೆ ನೋಡಿದೆ.

"ತಿರುಗತ್ತೆ ಕಣೇ," ಅಂದರು ಅತ್ತೆ. ಏದುಸಿರು ಬಿಡುತ್ತಿದ್ದರು. "ತಿರುಗತ್ತೆ!"

ಬಲಕ್ಕೆ ತಿರುಗಿಸಿದರು, ಮತ್ತೆ ಎಡಕ್ಕೆ. ರಸ್ತೆಯ ಕೊನೆಯವರೆಗೆ ಹೋಗಿ ಪೂರ್ತಿ ಹಿಂದಿರುಗಿದರು. ಗ್ಯಾರೇಜಿನವನು ಫ್ಯೂಸ್ ಹಿಡಿದುಕೊಂಡು ಬಂದರೆ, "ಇರಿ, ಇನ್ನೊಂದ್ಸಲ" ಎಂದು ಕಳಿಸಿದರು. ಆಮೇಲೆ ನನ್ನನ್ನೂ ಕೂರಿಸಿದರು. ಲೈಸೆನ್ಸ್ ಇದ್ದರೂ ವರ್ಷಗಟ್ಟಲೆ ಮುಟ್ಟದಿದ್ದ ಸ್ಟೀರಿಂಗು ನನ್ನ ಕೈಗೂ ತಿರುಗಿತು. ತೋಳು ಎರಡು ದಿನ ನೋಯಿತು. ಆ ನೋವಿನ ಎರಡು ದಿನ ತಿರುವು ನನ್ನನ್ನು ಕಾಡಲು ಬರಲಿಲ್ಲ. ಈಗ ಬರುತ್ತದೆ, ಬಂದಾಗ ನನ್ನ ಭುಜಕ್ಕೂ ಒಂದು ಕೆಲಸ ಗೊತ್ತಿದೆ.

ಫ್ಯೂಸ್ ಸಿಕ್ಕಿಸಿದ ಮೇಲೆ ಅಪ್ಪ ಅಭ್ಯಾಸಬಲದಿಂದ ಡ್ರೈವರ್ ಸೀಟಿನ ಬಾಗಿಲಿಗೆ ಕೈ ಹಾಕಿದರು. ಅಲ್ಲಿ ಅತ್ತೆ ಕೂತಾಗಿತ್ತು. ಅಪ್ಪ ಸುತ್ತಿಕೊಂಡು ಬಂದು ಹಿಂದೆ ಹತ್ತಿದರು. ಕನಕಪುರ ರಸ್ತೆಯಲ್ಲಿ ಅತ್ತೆಯದು ಅದೇ ಹಳೇ ವೇಗ. ಹಿಂದೆ ಬಸ್ಸು ಹಾರನ್ ಹೊಡೆಯಿತು, ಪಕ್ಕದಲ್ಲಿ ಬೈಕುಗಳು ಹಾದುಹೋದವು. ಸಾರಕ್ಕಿ ಸಿಗ್ನಲ್ ಬಂತು. ಮನೆಗೆ ಹೋಗಲು ಅಲ್ಲಿ ಬಲಕ್ಕೆ ತಿರುಗಬೇಕು. ಅತ್ತೆ ಇಂಡಿಕೇಟರ್ ಹಾಕಲಿಲ್ಲ.

"ಅಕ್ಕ, ಬಲಕ್ಕೆ."

"ಗೊತ್ತು. ಜಯನಗರಕ್ಕೆ ಹೋಗ್ತಿದೀನಿ."

"ಜಯನಗರಕ್ಕಾ? ಈಗ್ಯಾಕೆ? ನಾನಿನ್ನೂ ಸ್ನಾನ ಮಾಡಿಲ್ಲ."

"ನಂಗೆ ಕೆಲ್ಸ ಇದೆ. ಬೇಕಿದ್ರೆ ಇಲ್ಲೇ ಇಳಿ, ಆಟೋ ಸಿಗತ್ತೆ."

ಸಿಗ್ನಲ್ ಹಸಿರಾಯಿತು. ಅಪ್ಪ ಇಳಿಯಲಿಲ್ಲ. ಕಾರು ನೇರ ಹೊರಟಿತು, ಸೈಕಲ್ಲೊಂದು ಬೆಲ್ ಹೊಡೆಯುತ್ತ ನಮ್ಮನ್ನು ದಾಟಿ ಮುಂದೆ ಹೋಯಿತು.